ಅಪ್ಪನೊಂದಿಗೆ ಹೋದ ಪುಸ್ತಕ

ಭದ್ರಾವತಿಯಲ್ಲಿ ಈಗ ಆ ವಾಸನೆ ಇಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ನನ್ನ ಬಾಡಿಗೆ ಮನೆಯಿಂದ ಹೊರಟು, ಬಸ್ಸಿನ ಕಿಟಕಿಯ ಪಕ್ಕ ಕುಳಿತು ಊರನ್ನು ಸಮೀಪಿಸುವಾಗ ಇಂದಿಗೂ ನನ್ನ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಅದು ಕಾಯುತ್ತಿರುವ ಗಾಳಿ ಮಾತ್ರ ಬರುವುದಿಲ್ಲ. ನೀವು ಆ ಊರಿನವರಾಗಿದ್ದರೆ, ಅಥವಾ ಹಿಂದೊಮ್ಮೆ ಆ ದಾರಿಯಲ್ಲಿ ಹೋದವರಾಗಿದ್ದರೆ, ನಾನು ಯಾವ ವಾಸನೆಯ ಮಾತಾಡುತ್ತಿದ್ದೇನೆಂದು ನಿಮಗೆ ತಿಳಿದಿರುತ್ತದೆ. ಕಾಗದದ ಕಾರ್ಖಾನೆಯಿಂದ ಬರುತ್ತಿದ್ದ, ಬೆಂದ ಬಿದಿರಿನದೂ ಕೆಟ್ಟ ಮೊಟ್ಟೆಯದೂ ಕಲಸಿಕೊಂಡಂತಿದ್ದ ಆ ಗಾಳಿಗೆ ಪರವೂರಿನವರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ನಮಗೆ ಅದು ಅಪ್ಪನ ಅಂಗಿಯ ವಾಸನೆಯಾಗಿತ್ತು. ಕಾರ್ಖಾನೆ ನಿಂತು ವರ್ಷಗಳೇ ಕಳೆದಿವೆ. ಆ ಗಾಳಿ ಈಗ ಉಳಿದಿರುವುದು ನನ್ನ ಕಪಾಟಿನಲ್ಲಿರುವ ಒಂದು ಪುಸ್ತಕದ ಕಂದು ಹೊದಿಕೆಯಲ್ಲಿ, ಅದೂ ಮೂಗನ್ನು ಕಾಗದಕ್ಕೆ ತಾಗಿಸಿ ಕಣ್ಣು ಮುಚ್ಚಿದರೆ ಮಾತ್ರ. ಇತ್ತೀಚೆಗೆ ಅದು ನಿಜವಾಗಿಯೂ ಅಲ್ಲಿದೆಯೋ, ನಾನೇ ನೆನಪಿನಿಂದ ತುಂಬಿಕೊಳ್ಳುತ್ತಿದ್ದೇನೆಯೋ ಎಂಬ ಅನುಮಾನ ನನ್ನನ್ನು ಕಾಡುತ್ತಿದೆ.

ಅಪ್ಪ ಆ ಕಾರ್ಖಾನೆಯಲ್ಲಿ ಕಾಗದವನ್ನು ಕತ್ತರಿಸಿ ಕಟ್ಟುವ ವಿಭಾಗದಲ್ಲಿದ್ದರು. ದೊಡ್ಡ ರೀಲುಗಳಿಗೆ ಸುತ್ತುತ್ತಿದ್ದ ದಪ್ಪ ಕಂದು ಕಾಗದದ ತುಂಡುಗಳನ್ನು ಕೆಲಸಗಾರರು ಕೇಳಿಕೊಂಡು ಮನೆಗೆ ತರುತ್ತಿದ್ದರು. ನಾವಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಬೇರೆ ಮನೆಗಳಲ್ಲಿ ಆ ಕಾಗದ ಡಬ್ಬಿಗಳ ಕೆಳಗೆ ಹಾಸಲು, ಒಡೆದ ಕಿಟಕಿಗೆ ಅಂಟಿಸಲು ಬಳಕೆಯಾಗುತ್ತಿತ್ತು. ನಮ್ಮ ಮನೆಯಲ್ಲಿ ಅದು ಪುಸ್ತಕಗಳ ಹೊದಿಕೆಯಾಗುತ್ತಿತ್ತು. ಭಾನುವಾರ ಚರ್ಚಿನ ಆರಾಧನೆ ಮುಗಿದು ಊಟವಾದ ಮೇಲೆ ಅಪ್ಪ ನೆಲದ ಮೇಲೆ ಕಾಗದ ಹರಡಿಕೊಂಡು, ಅಮ್ಮ ಕಾಯಿಸಿಕೊಟ್ಟ ಬಿಸಿ ಮೈದಾ ಅಂಟನ್ನು ಬೆರಳಿನಿಂದ ಸವರುತ್ತ, ಮೂಲೆಗಳನ್ನು ಮಡಿಸಿ ಉಗುರಿನಿಂದ ತೀಡುತ್ತಿದ್ದರು. ಮನೆಯಲ್ಲಿದ್ದುದೆಲ್ಲ ದೇವರ ಪುಸ್ತಕಗಳೇ. ಪ್ರಾರ್ಥಿಸುವುದನ್ನು ಕಲಿಸುವ ತೆಳುವಾದವು, ಪ್ರತಿ ಪಾಠದ ಕೊನೆಗೂ ಪ್ರಶ್ನೆಗಳಿದ್ದ ವೇದಪಾಠದವು, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಓದುವಂಥವು. ಕನ್ವೆನ್ಷನ್ ಕೂಟಗಳ ಹೊರಗೆ ಮೇಜಿನ ಮೇಲೆ ಹರಡಿರುತ್ತಿದ್ದವುಗಳಲ್ಲಿ ಅಪ್ಪ ಒಂದೊಂದಾಗಿ ಆರಿಸಿ ತಂದಿದ್ದವು. ಹೊದಿಕೆ ಹಾಕಿದ ಮೇಲೆ ಅವೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಏಕೆಂದರೆ ಅಪ್ಪ ಯಾವುದರ ಮೇಲೂ ಹೆಸರು ಬರೆಯುತ್ತಿರಲಿಲ್ಲ.

ಅಪ್ಪನ ಅಕ್ಕ ಸಾರಮ್ಮತ್ತೆ ಅದೇ ಊರಿನ ಹಳೇನಗರದಿಂದ ಬಂದಾಗಲೆಲ್ಲ ಇದಕ್ಕಾಗಿ ಗೊಣಗುತ್ತಿದ್ದರು. ಅವರು ಸಭೆಯ ಹೆಂಗಸರಿಗೆ ವೇದಪಾಠ ನಡೆಸುತ್ತಿದ್ದವರು, ಪುಸ್ತಕ ಬೇಕೆಂದರೆ ಆ ಕ್ಷಣವೇ ಕೈಗೆ ಸಿಗಬೇಕು. “ಹೆಸರಾದ್ರೂ ಬರಿಯೋ. ಅಕ್ಕಿ ಮೂಟೆ ಜೋಡಿಸ್ದಂಗಿದೆ,” ಎನ್ನುತ್ತಿದ್ದರು. “ಹೆಸರು ಓದಕ್ಕೆ ಬರೋರಿಗೆ ಒಳಗಡೆನೂ ಓದಕ್ಕೆ ಬರುತ್ತಲ್ಲಕ್ಕ, ತೆಗ್ದು ನೋಡ್ಲಿ,” ಎಂದು ಅಪ್ಪ ನಗುತ್ತಿದ್ದರು. ಆ ನಗುವಿನ ಕಾರಣ ನನಗೆ ಬಹಳ ತಡವಾಗಿ ಅರ್ಥವಾಯಿತು. ಹೊಳೆಹೊನ್ನೂರಿನ ಕಡೆಯ ಕೂಲಿ ಮನೆಯಿಂದ ಬಂದಿದ್ದ ಅಮ್ಮನಿಗೆ ಮದುವೆಯಾದಾಗ ಅಕ್ಷರ ಬರುತ್ತಿರಲಿಲ್ಲ. ಅವಳು ಪುಸ್ತಕಗಳನ್ನು ಕೈಯಿಂದ ಗುರುತಿಸುತ್ತಿದ್ದಳು: ಇದರ ಬೆನ್ನು ಬಾಗಿದೆ, ಅದರ ಮೂಲೆ ಮೊಂಡಾಗಿದೆ ಎಂದು. ಹೆಸರಿಲ್ಲದ ಆ ಕಪಾಟಿನ ಮುಂದೆ ಅವಳು ಯಾರಿಗಿಂತಲೂ ಕಡಿಮೆಯವಳಾಗಿರಲಿಲ್ಲ. ಅಪ್ಪ ಬಯಸಿದ್ದು ಅದನ್ನೇ.

ಆ ಸಾಲಿನಲ್ಲಿ ಎರಡು ದಪ್ಪ ಪುಸ್ತಕಗಳು ಅಕ್ಕಪಕ್ಕದಲ್ಲಿದ್ದವು. ಒಂದು ಅಪ್ಪನ ಸತ್ಯವೇದ, ಅಂದರೆ ಬೈಬಲ್. ಇನ್ನೊಂದು, ದಿನಕ್ಕೊಂದು ಪುಟದಂತೆ ಓದಬೇಕಾದ ಧ್ಯಾನದ ಪುಸ್ತಕ. ಯಾರೋ ಹಿರಿಯರು ಅದನ್ನು ಅಪ್ಪನಿಗೆ ಕೊಡುವಷ್ಟರಲ್ಲಿ ಅದರ ಮೊದಲ ಹಾಳೆಗಳು ಉದುರಿಹೋಗಿದ್ದವು. ಹೀಗಾಗಿ ಅದರ ಹೆಸರಾಗಲಿ ಬರೆದವರಾಗಲಿ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಕ್ಷರಗಳು ಮಾತ್ರ ಕಡಲೆಕಾಳಿನಷ್ಟು ದೊಡ್ಡವು. ವರ್ಷ ಮುಗಿದರೆ ಅಪ್ಪ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು. ಅಮ್ಮನಿಗೆ ಅವರು ಓದು ಕಲಿಸಿದ್ದು ಅದರಿಂದಲೇ. ಸಂಜೆ ಅಪ್ಪ ಕೈಕಾಲು ತೊಳೆದು ಬಂದು ಕುಳಿತರೆ, ಅಮ್ಮ ಪೊರಕೆಯಿಂದ ಒಂದು ತೆಂಗಿನ ಕಡ್ಡಿಯನ್ನು ಎಳೆದು, ಸೆರಗಿನಿಂದ ಒರೆಸಿ, ಅಕ್ಷರಗಳ ಕೆಳಗೆ ಸರಿಸುತ್ತ ಓದುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಕಡ್ಡಿ ನಿಲ್ಲುತ್ತಿತ್ತು. ಅಪ್ಪ ಹೇಳಿಕೊಡುತ್ತಿರಲಿಲ್ಲ, ಕಾಯುತ್ತಿದ್ದರು. ಒಲೆಯ ಮೇಲೆ ಸಾರು ಕುದಿದು ಉಕ್ಕಿದರೂ ಕಾಯುತ್ತಿದ್ದರು. ವರ್ಷಗಳು ಕಳೆದಂತೆ ಕಡ್ಡಿ ನಿಲ್ಲುವುದು ಕಡಿಮೆಯಾಗಿ, ನಾನು ಮಾಧ್ಯಮಿಕ ಶಾಲೆಗೆ ಬರುವ ವೇಳೆಗೆ ಅಮ್ಮ ಒಂದು ಪುಟವನ್ನು ತಡೆಯಿಲ್ಲದೆ ಓದುತ್ತಿದ್ದಳು.

ಒಂದು ಸಂಜೆ ಅತ್ತೆ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. “ಏನ್ ಮಾರಾಯ್ತಿ ಶಾಂತ, ಓದ್ತಿದೀಯೋ ಬಾಯಿಪಾಠ ಒಪ್ಪಿಸ್ತಿದೀಯೋ? ಕಡ್ಡಿ ಒಂದ್ಕಡೆ, ಮಾತು ಒಂದ್ಕಡೆ!” ಅದು ತಮಾಷೆಗೆ ಆಡಿದ ಮಾತು. ಆದರೆ ಅಮ್ಮನ ಮುಖದಿಂದ ಏನೋ ಇಳಿದುಹೋದುದನ್ನು ನಾನು ಕಂಡೆ. ಅಂದು ಪಾತ್ರೆ ತೊಳೆಯುವಾಗ ಅವಳು ಅಪ್ಪನನ್ನು ಕೇಳಿದಳು: “ಅತ್ತಿಗೆ ಹೇಳಿದ್ದು ಸುಳ್ಳಲ್ಲ. ಎಷ್ಟ್ ವರ್ಷದಿಂದ ಅದೇ ಪುಟ ಕೇಳಿದೀನಿ. ಓದ್ತಿದೀನೋ, ನೆನಪಲ್ಲಿ ಹೇಳ್ತಿದೀನೋ, ನಂಗೇ ಗೊತ್ತಾಗಲ್ಲ. ನೀವಾದ್ರೂ ಹೇಳಿ.” ಅಪ್ಪ, “ಗೊತ್ತಾದ ದಿನ ನೀನೇ ಹೇಳ್ತೀಯ ಬಿಡು,” ಎಂದಷ್ಟೇ ನುಡಿದು ಪಾತ್ರೆಗಳನ್ನು ಬೋರಲು ಹಾಕಿದರು. ಬೇರೊಂದು ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟು ನೋಡುವುದು ಬಹಳ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆ ಸಹನೆ ಸರಿಯಾಗಿತ್ತೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಅದಕ್ಕೆ ಬೇಕಾದಷ್ಟು ಕಾಲ ಅವರ ಬಳಿ ಇರಲಿಲ್ಲ.

ಅಪ್ಪ ತೀರಿಕೊಂಡಾಗ ನಾನು ಪ್ರೌಢಶಾಲೆಯಲ್ಲಿದ್ದೆ. ಕೆಲಸಕ್ಕೆ ಹೊರಟವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊಸ್ತಿಲ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿತ್ತು. ತೀರಿಕೊಂಡವರ ಸ್ವಂತ ಸತ್ಯವೇದವನ್ನು ಅವರ ಎದೆಯ ಮೇಲಿರಿಸಿ, ಕೈಗಳನ್ನು ಅದರ ಮೇಲೆ ಜೋಡಿಸಿ ಪೆಟ್ಟಿಗೆ ಮುಚ್ಚುತ್ತಿದ್ದರು. ಪಾಸ್ಟರು ಪುಸ್ತಕ ಕೇಳಿದಾಗ ಅಮ್ಮ ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಅತ್ತೆ ಒಳಗೆ ಹೋಗಿ, ಅತ್ತು ಊದಿದ ಕಣ್ಣುಗಳಿಂದ ಕಪಾಟು ತಡಕಿ, ದಪ್ಪನೆಯ ಕಂದು ಪುಸ್ತಕವೊಂದನ್ನು ಎದೆಗೊತ್ತಿಕೊಂಡು ತಂದರು. ಅದನ್ನು ಯಾರೂ ತೆರೆದು ನೋಡಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ನೋಡುತ್ತಾರೆ? ಅಪ್ಪನ ಬೆರಳುಗಳು ಅದರ ಮೇಲೆ ಜೋಡಿಸಲ್ಪಟ್ಟವು. ಮೈದಾ ಅಂಟಿನ ಕಲೆಯಿದ್ದ ಅದರ ಮೂಲೆಯನ್ನು ನಾನೂ ನೋಡಿದ್ದೆ, ಗುರುತಿಸಲಿಲ್ಲ.

ನೆಂಟರೆಲ್ಲ ಹೊರಟುಹೋಗಿ ಅತ್ತೆಯೊಬ್ಬರೇ ನಮ್ಮೊಂದಿಗೆ ಉಳಿದಿದ್ದ ಒಂದು ಸಂಜೆ ಅಮ್ಮ ಎಂದಿನಂತೆ ಕಡ್ಡಿ ಎಳೆದುಕೊಂಡು ಕಪಾಟಿನ ಬಳಿಗೆ ಹೋದಳು. ಅವಳ ಕೈ ಒಂದು ಪುಸ್ತಕದ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ತೆರೆದಾಗ, ಎರಡು ಅಂಕಣಗಳಾಗಿ ಇರುವೆಗಳಂತೆ ಮುತ್ತಿಕೊಂಡ ಸಣ್ಣ ಅಕ್ಷರಗಳು ಕಂಡವು. “ಇದು ಅದಲ್ಲ,” ಎಂದಳು. ನಾವು ಒಂದೊಂದೇ ಪುಸ್ತಕವನ್ನು ತೆರೆದು ನೆಲದ ಮೇಲಿಟ್ಟೆವು. ಕಪಾಟು ಖಾಲಿಯಾಗುತ್ತ ಬಂದಂತೆ ಅತ್ತೆ ಗೋಡೆಗೆ ಒರಗಿ ಕುಸಿದರು. “ಅಯ್ಯೋ ದೇವರೇ, ನನ್ನ ಕೈ ಸೇದಿಹೋಗಾ. ಸತ್ಯವೇದ ಬಿಟ್ಟು ಅದನ್ನ ಕೊಟ್ಬಿಟ್ನಲ್ಲೇ ಶಾಂತ!” ಅಮ್ಮ ಬೈಯಲಿಲ್ಲ. ಕಡ್ಡಿಯನ್ನು ಮತ್ತೆ ಪೊರಕೆಗೆ ಸಿಕ್ಕಿಸಿದಳು.

ಅದರ ಇನ್ನೊಂದು ಪ್ರತಿ ಸಿಗಬಹುದೆಂದು ಅತ್ತೆಯೇ ನಮ್ಮನ್ನು ಶಿವಮೊಗ್ಗಕ್ಕೆ ಕರೆದೊಯ್ದರು. ಕ್ರೈಸ್ತ ಪುಸ್ತಕಗಳನ್ನು ಮಾರುವ ಒಂದು ಇಕ್ಕಟ್ಟಾದ ಅಂಗಡಿ. ವಯಸ್ಸಾದ ಅಂಗಡಿಯವರು ತಾಳ್ಮೆಯಿಂದಲೇ ಕೇಳಿದರು.

“ಹೆಸರೇನಮ್ಮ ಪುಸ್ತಕದ್ದು?”

“ಗೊತ್ತಿಲ್ಲ.”

“ಬರೆದೋರು?”

“ಗೊತ್ತಿಲ್ಲ.”

“ಬಣ್ಣನಾದ್ರೂ ಹೇಳಿ.”

“ಕಂದು,” ಎಂದರು ಅತ್ತೆ. ತಕ್ಷಣ ತಿದ್ದಿಕೊಂಡರು: “ಪುಸ್ತಕದ್ದಲ್ಲ, ನನ್ನ ತಮ್ಮ ಹಾಕಿದ ಕಾಗದದ್ದು.”

ಅಂಗಡಿಯವರು ನಕ್ಕರು. “ಹಿಂಗಾದ್ರೆ ದೇವರೇ ಬಂದು ಹುಡುಕ್ಬೇಕು ಬಿಡಿ.” ಆಗ ಅಮ್ಮ ಮೆಲ್ಲನೆ, “ಒಳಗೆ ಏನಿದೆ ಅಂತ ಹೇಳ್ಲಾ?” ಎಂದಳು. ಸೆರಗು ಸರಿಪಡಿಸಿಕೊಂಡು, ಆ ದಿನದ ಪುಟವನ್ನು ಆರಂಭಿಸಿದಳು: ಕಲಕಿದ ಬಾವಿಯಲ್ಲಿ ಮುಖ ಕಾಣದೆಂದು ಅವಸರಿಸಬೇಡ, ಸೇದದೆ ಕಾಯುವವನಿಗೆ ನೀರು ತಾನಾಗಿ ತಿಳಿಯಾಗುವುದು... ಪುಟ ಮುಗಿಯುವವರೆಗೆ ಒಂದು ಮಾತೂ ತಪ್ಪಲಿಲ್ಲ. ಅಂಗಡಿಯವರು ಕನ್ನಡಕ ತೆಗೆದು, “ನಾನು ಎಲ್ಲೂ ಓದಿಲ್ಲಮ್ಮ. ಆದ್ರೆ ಭಾಳ ಚೆನ್ನಾಗಿದೆ,” ಎಂದರು. ಅಮ್ಮ ಅವರನ್ನು ನೋಡುತ್ತಿರಲಿಲ್ಲ. ತನ್ನ ಖಾಲಿ ಕೈಗಳನ್ನು ನೋಡುತ್ತಿದ್ದಳು. ಪುಸ್ತಕವಿಲ್ಲದೆ ಅಷ್ಟನ್ನೂ ಹೇಳಿದ್ದಳು. ಹಿಂದಿರುಗುವ ಬಸ್ಸಿನಲ್ಲಿ, ಕಾರ್ಖಾನೆಯ ಗಾಳಿ ಕಿಟಕಿಯಿಂದ ನುಗ್ಗಿದಾಗ, ನನಗಷ್ಟೇ ಕೇಳುವಂತೆ ಹೇಳಿದಳು: “ನಾನು ಒಂದಿನಾನೂ ಓದಿರ್ಲಿಲ್ಲ ಅನ್ಸುತ್ತೆ ಪುಟ್ಟಿ.”

ಕ್ವಾರ್ಟರ್ಸನ್ನು ಬಿಟ್ಟುಕೊಟ್ಟು ನಾವು ಹಳೇನಗರದ ಅತ್ತೆಯ ಮನೆಗೆ ಹೋದೆವು. ಕಪಾಟಿಗೆ ಅಲ್ಲಿ ಜಾಗವಿರಲಿಲ್ಲ. ಪುಸ್ತಕಗಳು ಸಭೆಯ ಮನೆಮನೆಗೆ ಹಂಚಿಹೋದವು. ಉಳಿದದ್ದು ಅಪ್ಪನ ಸತ್ಯವೇದವೊಂದೇ. ಅತ್ತೆ ತಾವು ಮಾಡಿದ್ದನ್ನು ತೀರಿಸುವವರಂತೆ ಪ್ರತಿ ಸಂಜೆಯೂ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅಮ್ಮ ತಲೆಬಾಗಿ ಕೇಳುತ್ತಿದ್ದಳು, ತಾನಾಗಿ ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು, ನೀನೇ ಓದಿ ನೋಡಮ್ಮ ಎಂದು ಒತ್ತಾಯಿಸಿದಾಗ ಅವಳು ಹೇಳಿದ ಮಾತು ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ. “ಬೇಡ. ತೆಗ್ದು ನೋಡಿ, ಓದಕ್ಕೆ ಬರ್ಲಿಲ್ಲ ಅಂದ್ರೆ? ನಿಮ್ಮಪ್ಪ ಅಷ್ಟು ವರ್ಷ ಕಾದಿದ್ದೆಲ್ಲ ಸುಳ್ಳಾಗಲ್ವಾ? ಗೊತ್ತಿಲ್ದೇ ಇರೋದೇ ವಾಸಿ.”

ನಾನು ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದಾಗ ಅತ್ತೆಯ ದೃಷ್ಟಿ ಮಂಕಾಗತೊಡಗಿತು. ಆಪರೇಷನ್ ಮಾಡಿಸಿದರೂ ಹೆಚ್ಚೇನೂ ಮರಳಲಿಲ್ಲ. ರಜೆಗೆ ಬಂದಿದ್ದ ಒಂದು ಸಂಜೆ ಅವರು ಸತ್ಯವೇದವನ್ನು ತಡಕಿ ನನ್ನ ಕೈಗಿಟ್ಟರು. “ಪುಟ್ಟಿ, ಬರೀ ಹೆಸರುಗಳೇ ಇರೋ ಜಾಗ ತೆಗ್ದು ನಿಮ್ಮಮ್ಮನಿಗೆ ಕೊಡೇ. ಯಾರ ಮಗ ಯಾರು ಅಂತ. ಪಾಸ್ಟರೂ ಹಾರಿಸ್ಕೊಂಡ್ ಹೋಗ್ತಾರಲ್ಲ, ಆ ಜಾಗ.”

ಅಮ್ಮನಿಗೆ ಅರ್ಥವಾಯಿತು. “ಪರೀಕ್ಷೆ ಮಾಡ್ತಿದೀರಾ ಅತ್ತಿಗೆ?”

“ಪುಸ್ತಕ ತಪ್ಪು ಕೊಟ್ಟಿದ್ದೂ ನಾನೇ, ಬಾಗಿಲಲ್ಲಿ ನಿಂತು ಆ ಮಾತಾಡಿದ್ದೂ ನಾನೇ. ಈಗ ಕಣ್ಣೂ ಹೋಯ್ತು. ಇನ್ನು ನಂಗೆ ಓದೋರ್ಯಾರು? ಓದು ಮಾರಾಯ್ತಿ.”

ಕಣ್ಣಿಲ್ಲದವರು ಕೇಳಿದ್ದನ್ನು ಇಲ್ಲವೆನ್ನಲು ಅವಳಿಂದ ಆಗಲಿಲ್ಲ. ಪೊರಕೆಯಿಂದ ಕಡ್ಡಿ ಎಳೆದಳು. ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾನು ತೆರೆದುಕೊಟ್ಟ ಪುಟದಲ್ಲಿ ಎಂದೂ ಯಾರ ನಾಲಿಗೆಗೂ ಒಗ್ಗದ ಹೆಸರುಗಳು ಒಂದರ ಹಿಂದೊಂದು ನಿಂತಿದ್ದವು. ಕಡ್ಡಿ ಮೊದಲ ಹೆಸರಿನ ಕೆಳಗೆ ನಿಂತಿತು, ಅಲುಗಲಿಲ್ಲ. ಹೇಳಿಕೊಡಲು ಬಾಯಿ ತೆರೆದವಳು ನಾನು ಹಾಗೆಯೇ ಮುಚ್ಚಿಕೊಂಡೆ. ಆಮೇಲೆ ಒಂದು ಅಕ್ಷರ ಬಂತು. ಅದರ ಹಿಂದೆ ಇನ್ನೊಂದು. ಕಲ್ಲು ತುಂಬಿದ ಹೊಲದಲ್ಲಿ ನೇಗಿಲು ಹೋದಂತೆ, ಎಡವುತ್ತ, ಹಿಂದಕ್ಕೆ ಹೋಗುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ ಅಮ್ಮ ಓದಿದಳು. ಒಂದು ಹೆಸರು ಅವಳ ಬಾಯಲ್ಲಿ ಎಷ್ಟು ವಿಕಾರವಾಯಿತೆಂದರೆ ಅತ್ತೆ ತಡೆಯಲಾರದೆ, “ಅದ್ಯಾವ ಹೆಸರೇ ಅದು!” ಎಂದರು. “ಅವರಪ್ಪ ಅಮ್ಮ ಇಟ್ಟಿದ್ದು, ನಾನೇನ್ ಮಾಡ್ಲಿ?” ಎಂದು ಅಮ್ಮ ಕಡ್ಡಿ ತೆಗೆಯದೆಯೇ ಉತ್ತರಿಸಿದಳು. ನೆನಪಿನಿಂದ ಹೇಳುವವರು ಹೀಗೆ ಎಡವುವುದಿಲ್ಲ. ಅತ್ತೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮನಸ್ಸು ಇಂದು ಇಷ್ಟು ಭಾರವಾಗಿರುತ್ತಿರಲಿಲ್ಲ. ಅಂದು ಹಿತ್ತಲಿನ ಕಲ್ಲಿನ ಮೇಲೆ ಕುಳಿತಿದ್ದ ಅಮ್ಮನ ಮುಖದಲ್ಲಿ ನಾನು ನಿರೀಕ್ಷಿಸಿದ ಸಂತೋಷವಿರಲಿಲ್ಲ. “ಓದಕ್ಕೆ ಬರುತ್ತೆ ಅಂತ ಗೊತ್ತಾಯ್ತು,” ಎಂದಳು. “ಗೊತ್ತಾದ ದಿನ ಹೇಳು ಅಂದಿದ್ರು ನಿಮ್ಮಪ್ಪ. ಯಾರಿಗೆ ಹೇಳ್ಲಿ?” ಆಮೇಲೆ ಅತ್ತೆ ಇರುವವರೆಗೂ ಅವಳು ದಿನವೂ ಅವರಿಗೆ ಓದಿದಳು, ಎಡವುತ್ತಲೇ. ಅತ್ತೆ ಹೋದ ಮೇಲೆ ಪುಸ್ತಕವನ್ನು ಮುಚ್ಚಿಟ್ಟಳು. ಸಂಜೆ ಕತ್ತಲಾಗುವಾಗ ಅವಳ ತುಟಿಗಳು ಅಲುಗುತ್ತಿದ್ದವು. ಅದು ಹೆಸರಿಲ್ಲದ ಆ ಹಳೆಯ ಪುಸ್ತಕದ ಅಂದಿನ ಪುಟವೆಂದು ನನಗೆ ತಿಳಿದಿತ್ತು. ಬರೆದುಕೊಳ್ಳಲೇ ಎಂದು ಕೇಳಿದ್ದಕ್ಕೆ, “ಅದು ನಿಮ್ಮಪ್ಪನ ಹತ್ರ ಇದೆ. ಇಬ್ರಿಗೆ ಒಂದು ಸಾಕು,” ಎಂದಳು.

ಅಮ್ಮನೂ ಈಗ ಇಲ್ಲ. ಅಪ್ಪನ ಪಕ್ಕದಲ್ಲಿಯೇ, ಭದ್ರಾವತಿಯ ಮಣ್ಣಿನಲ್ಲಿದ್ದಾಳೆ. ಪೆಟ್ಟಿಗೆ ಮುಚ್ಚುವ ಮುನ್ನ ಹೊಸ ಪಾಸ್ಟರು ನನ್ನ ಕಡೆ ತಿರುಗಿ, “ಅಮ್ಮನವರ ಪುಸ್ತಕ ಎಲ್ಲಮ್ಮ?” ಎಂದು ಮೆಲುದನಿಯಲ್ಲಿ ಕೇಳಿದರು. “ಆಗಲೇ ಅಲ್ಲಿದೆ ಅಯ್ಯ,” ಎಂದೆ. ಅವರಿಗೆ ಅರ್ಥವಾಗಿರಲಾರದು. ನಾನು ಅಡುಗೆಮನೆಗೆ ಹೋಗಿ, ಪೊರಕೆಯಿಂದ ಒಂದು ಕಡ್ಡಿ ಎಳೆದು, ಸೀರೆಯ ಸೆರಗಿನಿಂದ ಒರೆಸಿ ತಂದು, ಅವಳ ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಇಟ್ಟೆ. ನೆರೆದವರು ಪರಸ್ಪರ ಮುಖ ನೋಡಿಕೊಂಡರು.

ಸತ್ಯವೇದ ನನ್ನ ಬಳಿ ಉಳಿಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆ ಹೆಸರುಗಳ ಪುಟವನ್ನೂ ಎಲ್ಲಿಯೂ ತಡೆಯದೆ ಓದಿಬಿಡುತ್ತೇನೆ. ಸಂಜೆ ಹೊಸಮನೆಯ ಬೀದಿದೀಪ ಹೊತ್ತಿಕೊಂಡಾಗ ಪುಸ್ತಕ ತೆರೆದು ಗಟ್ಟಿಯಾಗಿ ಓದಲು ಕುಳಿತುಕೊಳ್ಳುತ್ತೇನೆ. ಸಾಲುಗಳು ಒಂದೇ ಉಸಿರಿಗೆ ಮುಗಿದುಹೋಗುತ್ತವೆ. ಎಡವಿ ನಿಲ್ಲಲು ನನಗೆ ಒಂದು ಜಾಗವೂ ಸಿಗುವುದಿಲ್ಲ, ನಿಂತರೂ ಎದುರಿಗೆ ಕುಳಿತು ಕಾಯುವವರಿಲ್ಲ. ಆಗ ಪುಸ್ತಕವನ್ನು ಮುಚ್ಚಿ, ಮೂಲೆಗಳಲ್ಲಿ ಹರಿಯತೊಡಗಿರುವ ಆ ಕಂದು ಕಾಗದಕ್ಕೆ ಮುಖವಿಟ್ಟು, ಆ ವಾಸನೆ ಇನ್ನೂ ಒಂದಿಷ್ಟು ಉಳಿದಿರಲಿ ಎಂದು ಉಸಿರನ್ನು ಮೆಲ್ಲಗೆ ಎಳೆದುಕೊಳ್ಳುತ್ತೇನೆ.