ಅಜ್ಜಿಯ ಓಟಿಗೆ ಎದ್ದ ತಕರಾರು

ಎಂಬತ್ತೈದು ದಾಟಿದವರ ಮನೆಗೇ ಬಂದು ಓಟು ಹಾಕಿಸಿಕೊಳ್ಳುತ್ತಾರೆ ಎಂದು ಕೇಳಿ, ಅಜ್ಜಿಯಿಂದ ಅರ್ಜಿ ಕೊಡಿಸಿದವಳು ನಾನೇ. ಅರ್ಜಿ ಕೊಟ್ಟ ಮೇಲೆ ಬೂತಿಗೆ ಹೋಗಿ ಹಾಕುವಂತಿಲ್ಲ. ಸಿಬ್ಬಂದಿ ಮೊದಲ ಸಲ ಬಂದಾಗ ಗುಡೇಕೋಟೆಯ ನಮ್ಮ ಮನೆಗೆ ಬೀಗ ಬಿದ್ದಿತ್ತು. ಕುರಿ ಈಯುವ ಕಾಲಕ್ಕೆ ನಾವೆಲ್ಲ ಗುಡ್ಡದ ಬುಡದ ಕುರಿಹಟ್ಟಿಯಲ್ಲಿರುತ್ತೇವೆ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಅಧಿಕಾರಿಗಳಿಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದೇ ಸಲ ಬರುತ್ತಾರಂತೆ, ಅದೂ ತಪ್ಪಿದರೆ ಓಟು ಹೋದಂತೆಯೇ.

ಎರಡನೆಯ ಸಲ ಅಪ್ಪ ಅವರ ಜೀಪಿಗೆ ದಾರಿ ತೋರಿಸಿ ನೇರ ಹಟ್ಟಿಗೇ ಕರೆತಂದ. ಓಟು ಹಾಕುವುದು ಯಾರಿಗೂ ಕಾಣದಂತೆ ಅಧಿಕಾರಿ ಇನ್ನೂ ರಟ್ಟಿನ ಮರೆ ನಿಲ್ಲಿಸುತ್ತಿದ್ದರು, ಅಷ್ಟರಲ್ಲೇ ಜೊತೆಗೆ ಬಂದಿದ್ದ ಪಕ್ಷಗಳ ಏಜೆಂಟರಲ್ಲೊಬ್ಬ ತಕರಾರು ತೆಗೆದ.

"ಆರ್ಡರಿನಾಗ ಮನಿ ಅಂತ ಐತಿ ಸಾಹೇಬ್ರ. ಬಯಲಾಗ ಹಾಕಿಸಿದ್ರ ನಾವು ಕೋರ್ಟಿಗೆ ಹೋಗ್ತೀವಿ."

"ಆಕಿ ಎಲ್ಲಿರ್ತಾಳೋ ಅದ ಆಕಿ ಮನಿ," ಎಂದ ಇನ್ನೊಂದು ಪಕ್ಷದವನು.

ಅಧಿಕಾರಿ ಮೇಲಿನವರಿಗೆ ಫೋನು ಹಚ್ಚಿದರು. ಅರ್ಜಿಯಲ್ಲಿರುವ ಮನೆಯಲ್ಲೇ ಆಗಬೇಕು ಎಂದು ಉತ್ತರ ಬಂತು. ಆ ಏಜೆಂಟನನ್ನು ಮನಸ್ಸಿನಲ್ಲೇ ಬೈದುಕೊಂಡು, "ಜೀಪು ಹತ್ತಬೇ," ಎಂದೆ. ಅಜ್ಜಿ ಬೇಲಿಯೊಳಗಿಂದ ಕದಲಲಿಲ್ಲ.

ನಮ್ಮ ಮನೆತನದ ರೂಢಿಯೊಂದಿದೆ. ವರ್ಷದ ಮೊದಲ ಕುರಿ ಈದು, ಅದರ ಗಿಣ್ಣದ ಹಾಲನ್ನು ದೇವರ ಹೆಸರಲ್ಲಿ ಚಿಮುಕಿಸುವವರೆಗೆ ಹಿರಿಯಳು ಹಟ್ಟಿಯ ಬೇಲಿ ದಾಟುವುದಿಲ್ಲ. ಈ ವರ್ಷ ಮೊದಲು ಈಯಬೇಕಿದ್ದ ಕುರಿಯೋ ಬೆಳಗಿನಿಂದ ನರಳುತ್ತಿತ್ತು.

"ಓಟು ಹೋದ್ರ ಹೋಗ್ಲಿ ಬಿಡು," ಎಂದಳು ಅಜ್ಜಿ. ಹಾಗೆಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಒಂದು ಓಟೂ ತಪ್ಪಿಸಿದವಳಲ್ಲ.

"ಸಂಜಿತನಕ ಕಾಯ್ತೀವಿ," ಎಂದು ಅಧಿಕಾರಿ ಬೇವಿನ ನೆರಳಿಗೆ ಕೂತರು. ಸ್ವಲ್ಪ ಹೊತ್ತು ನೋಡಿದ ತಕರಾರಿನ ಏಜೆಂಟ್ ಎದ್ದವನೇ ಅಂಗಿಯ ತೋಳು ಮಡಚಿದ. ಅವನದೂ ಕುರಿ ಸಾಕುವ ಮನೆಯಂತೆ.

"ಮರಿ ಕಾಲು ಸಿಕ್ಕೊಂಡೈತಿ. ಸರೀರಿ," ಎಂದು ಬೇಲಿಯೊಳಗೆ ಬಂದ. ಅಪ್ಪ ಕುರಿಯನ್ನು ಹಿಡಿದ, ಇವನು ಮೆಲ್ಲಗೆ ಮರಿಯನ್ನು ಎಳೆದುಕೊಂಡ. ನಾನು ನನ್ನ ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡೆ. ಅಜ್ಜಿ ಹಾಲು ಚಿಮುಕಿಸಿ ಕೈಮುಗಿದು ಜೀಪು ಹತ್ತಿದಳು.

ಮನೆಯ ಒಳಕೋಣೆಯಲ್ಲಿ ರಟ್ಟಿನ ಮರೆ ನಿಂತಿತು. ಏಜೆಂಟರು ಹೊಸ್ತಿಲಿಂದ ಇಣುಕುತ್ತಿದ್ದರು. ಅಜ್ಜಿಗೆ ನೆರವಾಗೋಣವೆಂದು ನಾನೂ ಹತ್ತಿರ ಹೋದೆ.

"ದೂರ ಸರೀರಿ ಎಲ್ಲಾರೂ. ನೀನೂ ನಡಿ. ಹಟ್ಟಿಯಾಗ ಹಾಕಿದ್ರ ಊರೇ ನೋಡ್ತಿತ್ತು, ಮನಿಯಾಗ ಆಗಿದ್ದ ಚಲೋ ಆತು," ಎಂದಳು ಅಜ್ಜಿ.

ಅಧಿಕಾರಿ ಗೋಡೆಯ ಕಡೆ ಮುಖ ಮಾಡಿದರು. ನಾವು ಕಟ್ಟೆಗೆ ಬಂದು ಕೂತೆವು. ಒಳಗಿನಿಂದ "ಹಾಕಿದೆ" ಎಂಬ ಅಜ್ಜಿಯ ದನಿ ಬಂದಾಗ ನನಗೆ ಹೋದ ಜೀವ ಬಂದಂತಾಯಿತು. ಯಾರಿಗೆ ಹಾಕಿದಳೆಂದು ಇವತ್ತಿಗೂ ನನಗೆ ಹೇಳಿಲ್ಲ.