ಸುಣ್ಣದ ಗುರುತಿನ ಲಗಮವ್ವ

ಬೆಳಗಿನ ಐದೂವರೆ. ಘೋಡಗೇರಿಯ ಹೈಸ್ಕೂಲಿನ ಹಿಂದಿನ ಗೋಡೆಯ ಹತ್ತಿರ ಲಗಮವ್ವ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದಾರೆ. ಹತ್ತನೇ ತರಗತಿಯ ನೇತ್ರಾ ಒಂದೊಂದೇ ಕಾಲನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಾಳೆ, ನಿಂತಲ್ಲೇ ನಾಲ್ಕು ಸಲ ಕುಪ್ಪಳಿಸುತ್ತಾಳೆ, ಬೆರಳನ್ನು ಸುಣ್ಣಕ್ಕೆ ಅದ್ದಿ ಮೇಲಕ್ಕೆ ಜಿಗಿದು ಗೋಡೆ ಮುಟ್ಟುತ್ತಾಳೆ. ಬಿಳಿ ಗುರುತು ನಿನ್ನೆಯದಕ್ಕಿಂತ ಅರ್ಧ ಬೆರಳು ಮೇಲಿದೆ.

“ಖರೆ ಹೇಳ್ಲೇನ್ರಿ? ಹೊಟ್ಟಿಕಿಚ್ಚ ಬರತೈತಿ,” ಎನ್ನುತ್ತಾರೆ ಲಗಮವ್ವ, ಪತ್ರಿಕೆಗೆ ಬರೆಯಲು ಬಂದ ನನಗೆ. “ಈ ವಯಸ್ಸಿನ್ಯಾಗ ನಾನೂ ಹಿಂಗ ಜಿಗೀತಿದ್ನಿ. ಒಂಬತ್ತನೇ ಇಯತ್ತೆದಾಗ ಲಗ್ನ ಮಾಡಿ ಸಾಲಿ ಬಿಡಿಸಿದ್ರು.”

ನೇತ್ರಾ ಹೋದ ವಾರ ಬೆಳಗಾವಿಗೆ ಹೋಗಿ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಜಿಗಿದು ಬಂದಿದ್ದಾಳೆ. ಪಟ್ಟಿ ಇವತ್ತು ಬರಬೇಕು. ಹೆಸರಿಲ್ಲದಿದ್ದರೆ ಅವಳ ಜಿಗಿತ ಈ ಗೋಡೆಗೇ ಮುಗಿಯುತ್ತದೆ.

ನಲವತ್ತೇಳರ ಲಗಮವ್ವ ಈ ಶಾಲೆಯ ಬಿಸಿಯೂಟದ ಅಡುಗೆಯವರು. ಒಲೆ ಹಚ್ಚುವ ಮೊದಲು ದಿನಾ ಒಂದೂವರೆ ತಾಸು ಒಂಬತ್ತು ಹುಡುಗಿಯರನ್ನು ಜಿಗಿಸುತ್ತಾರೆ. ಆಮೇಲೆ ಇನ್ನೂರ ಹತ್ತು ಮಕ್ಕಳಿಗೆ ಅನ್ನ, ಸಾರು. ಜಿಗಿಸಲು ಅವರನ್ನು ಯಾರೂ ನೇಮಿಸಿಲ್ಲ. ಮೂರು ಶಾಲೆಗಳಿಗೆ ಓಡಾಡುವ ಆಟದ ಮಾಸ್ತರು ಶ್ರೀಶೈಲ, “ಅಕ್ಕಾರ, ನೀವ ನೋಡ್ಕೊಳ್ರಿ” ಎಂದು ಬಿಟ್ಟಿದ್ದಾರೆ.

ಲಗಮವ್ವ ತವರಿನಲ್ಲಿ ಕಂಬಳಿ ನೇಯುತ್ತಿದ್ದರು. ಉಣ್ಣೆಯ ನೂಲನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು ಹುಣಸೆ ಬೀಜದ ಗಂಜಿ ಬಳಿದರೆ ಅದು ಗಟ್ಟಿಯಾಗುತ್ತದೆ. ಕಾಲಿನ ನರವೂ ಹಾಗೇ, ಜಗ್ಗಿದಷ್ಟೂ ಒಳ್ಳೆಯದು ಎಂದು ನಂಬಿಬಿಟ್ಟಿದ್ದರು. ಹೋದ ವರ್ಷದ ತಾಲ್ಲೂಕು ಪಂದ್ಯದಲ್ಲಿ ಹೆಸರು ಕೂಗುವ ತನಕ ನೇತ್ರಾಳನ್ನು ಕೂಡಿಸಿ, ಕಾಲು ಚಾಚಿಸಿ, ಬೆನ್ನು ಒತ್ತಿ ಹಿಡಿದರು. ಎತ್ತರ ಜಿಗಿತದಲ್ಲಿ ಹುಡುಗಿ ಎರಡು ಬೆರಳಿನಷ್ಟರಲ್ಲಿ ಸೋತಳು. ಗೆದ್ದವಳು ದಡ್ಡಿ ಎಂಬ ಊರಿನ ಹುಡುಗಿ.

“ಆಕಿ ಕುಂತೇ ಇರಲಿಲ್ರಿ! ಕಾಲ ಬೀಸೂದು, ಕುಣಿಯೂದು. ಏನ ಸೊಕ್ಕಪಾ ಇದಕ್ಕ ಅಂತ ಹೊಟ್ಟಿ ಧಗಧಗ ಉರೀತು. ಮನಿಗಿ ಬಂದ್ರೂ ಅದ ಕಣ್ಣಾಗ.”

ಆ ಉರಿಯೇ ಕಲಿಸಿತು. ಒಂದು ದಿನ ಚಾಚಿಸಿ ಹಿಡಿದು ಜಿಗಿಸಿದರು, ಮರುದಿನ ಕಾಲು ಬೀಸಿಸಿ ಜಿಗಿಸಿದರು. ಹೀಗೇ ಹದಿನೈದು ದಿನ ಗುರುತು ನೋಡಿದರು. ಬೀಸಿದ ದಿನ ಹೆಚ್ಚಿನವರ ಗುರುತು ಮೇಲೆ! ಈಗ ಚಾಚಿ ಹಿಡಿಯುವುದೆಲ್ಲ ಜಿಗಿದು ಮುಗಿದ ಮೇಲೆ.

“ಚಾಚೂದು ಬಿಡಿಸಿಲ್ರಿ, ಮೈ ಬಾಗಬೇಕಲ್ಲ. ಹೊತ್ತು ಬದಲಿ ಮಾಡೇನಿ, ಅಷ್ಟ.”

ನಾನೂ ಶಾಲೆಯಲ್ಲಿ ಜಿಗಿಯುತ್ತಿದ್ದೆ, ಕಾಲು ಚಾಚಿ ಹೆಬ್ಬೆರಳು ಹಿಡಿದು ಕೂತು ಕೂತು ಎದ್ದು ಜಿಗಿದವನು. ನಮಗೊಬ್ಬ ಲಗಮವ್ವ ಇರಲಿಲ್ಲವಲ್ಲ ಎಂದು ನೇತ್ರಾಳ ಮೇಲೆ ನನಗೂ ಹೊಟ್ಟೆಕಿಚ್ಚೇ.

ಹನ್ನೊಂದಕ್ಕೆ ಶ್ರೀಶೈಲ ಮೊಬೈಲ್ ಹಿಡಿದು ಅಡುಗೆಮನೆಗೆ ಓಡಿ ಬರುತ್ತಾರೆ. ನೇತ್ರಾಳ ಹೆಸರಿದೆ! ಹಿಂದೆಯೇ ಬಂದ ಹುಡುಗಿ ಲಗಮವ್ವನ ಕಾಲಿಗೆ ಬೀಳುತ್ತಾಳೆ. “ಏಳ, ಏಳ, ಸಾರ ಉಕ್ಕಾಕತ್ತೈತಿ,” ಎಂದು ಗದರಿಸಿ, ಸೌಟು ಅವಳ ಕೈಗೇ ಕೊಟ್ಟು ಹೊರಗೆ ನಡೆಯುತ್ತಾರೆ.

ಗೋಡೆಯ ಹತ್ತಿರ ಸೆರಗು ಬಿಗಿಯುತ್ತಾರೆ. ಕಾಲು ಬೀಸುತ್ತಾರೆ. ಬೆರಳನ್ನು ಸುಣ್ಣಕ್ಕೆ ಅದ್ದಿ ಜಿಗಿಯುತ್ತಾರೆ. ಗುರುತು ನೇತ್ರಾಳದಕ್ಕಿಂತ ಒಂದು ಮೊಳ ಕೆಳಗೆ ಬೀಳುತ್ತದೆ. ಏದುಸಿರು ಬಿಡುತ್ತ ಎರಡನ್ನೂ ನೋಡುತ್ತಾರೆ.

“ಪೇಪರದಾಗ ಆಕಿ ಫೋಟೋನ ಹಾಕ್ರಿ,” ಎನ್ನುತ್ತಾರೆ. “ಖರೆ, ಕೆಳಗಿನ ಗುರುತು ನಂದು ಅಂತನೂ ಬರೀರಿ.”