ಕಾಶಮ್ಮ ಹೇಳಿದ್ದೇ ಸಿನಿಮಾ

ಕಾಶಮ್ಮನಿಗೆ ಒಂದು ಸಿನಿಮಾದ ಹೆಸರೂ ಗೊತ್ತಿರಲಿಲ್ಲ. ಆದರೂ ಜಹೀರಾಬಾದಿನ ನಮ್ಮ ಓಣಿಯಲ್ಲಿ ಅವಳನ್ನು ಕೇಳದೆ ಯಾರೂ ಮನೆಗೆ ವಿಡಿಯೊ ಬಾಡಿಗೆ ತರುತ್ತಿರಲಿಲ್ಲ. ಸಿನಿಮಾಗಳಿಗೆ ಅವಳು ತನ್ನದೇ ಹೆಸರು ಇಟ್ಟುಕೊಂಡಿದ್ದಳು: 'ಬಾವಿಗಿ ಬೀಳಾಕಿದು', 'ಕುಂಟ ಮಾಸ್ತರಂದು', 'ಹೆಡ್ಡ ಡ್ರೈವರಂದು'. ಬಸ್‌ಸ್ಟ್ಯಾಂಡಿನ ಹತ್ತಿರ ವಿಡಿಯೊ ಅಂಗಡಿ ಇಟ್ಟಿದ್ದ ಚಾಂದಪಾಷಾ ಮೊದಮೊದಲು ತಲೆ ಕೆರೆದುಕೊಂಡ. ಆಮೇಲೆ ಅವನೇ ಕಲಿತುಕೊಂಡ. ನಮ್ಮ ಓಣಿಯವರು ಹೋದರೆ ಸಾಕು, "ಹೆಡ್ಡ ಡ್ರೈವರ್ ಹೊರಗ ಹೋಗ್ಯಾನ, ಕುಂಟ ಮಾಸ್ತರ್ ಅದಾನ, ಕೊಡ್ಲೇನ್ರಿ?" ಎನ್ನುತ್ತಿದ್ದ.

ಕಾಶಮ್ಮ ನನ್ನ ಮೈದುನನ ಹೆಂಡತಿ, ನನಗೆ ನೆಗೆಣ್ಣಿ. ನನ್ನ ತವರು ತಾಂಡೂರು. ಟಾಕೀಸು ಇದ್ದ ಊರು. ಹತ್ತನೆಯ ತರಗತಿ ತನಕ ಓದಿದವಳು ನಾನು, ತೆಲುಗು ಹಿಂದಿ ಎರಡೂ ನೀರು ಕುಡಿದಷ್ಟು ಸುಲಭ. ಅವಳು ನಾರಾಯಣಖೇಡದ ಆಚೆ ಮನೂರಿನ ಕಡೆಯವಳು. ಅಪ್ಪನಿಗೆ ಒಂದಿಷ್ಟು ತೊಗರಿ ಹೊಲ, ಒಂದು ಹಿಂಡು ಕುರಿ. ಲಗ್ನವಾಗಿ ನಮ್ಮ ಮನೆಗೆ ಬರುವ ತನಕ ಸಿನಿಮಾದ ಮುಖ ಕಂಡವಳಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡನನ್ನು ಕಾಡಿ ಬೇಡಿ ಮೊದಲ ಸಲ ಮನೆಗೆ ಟಿವಿ, ವಿಸಿಆರ್ ಬಾಡಿಗೆಗೆ ತರಿಸಿದವಳು ನಾನು. ಗಿಡ ನೆಟ್ಟವಳು ನಾನು, ಹೂ ಮುಡಿದವಳು ಅವಳು. ನನಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಅಂತ ಯಾಕೆ ಹೇಳಲಿ, ಇದೆ.

ನೋಡಲು ಕಾಶಮ್ಮ ಏನೂ ಅಲ್ಲ. ಗಿಡ್ಡಗೆ, ಕಪ್ಪಗೆ, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಒಂದು ಮೊಣಕಾಲು ಎತ್ತಿ ಕೂರುತ್ತಿದ್ದಳು, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ದನಿ ಮಾತ್ರ ಬೇರೆ. ಸಣ್ಣಗೆ, ಕಿವಿಯ ಹತ್ತಿರವೇ ಇದ್ದ ಹಾಗೆ. ಆ ದನಿಯನ್ನು ಅವಳು ಯಾರ ಕಿವಿಗೆ ಹಾಕಿದಳು ಅನ್ನುವುದೇ ನನ್ನ ಸಂಕಟದ ಮೂಲ.

ನಮ್ಮ ಅತ್ತೆ ಕಬ್ಬಿನ ಹೊಲದಲ್ಲಿ ದುಡಿದು, ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಇಬ್ಬರು ಗಂಡುಮಕ್ಕಳನ್ನು ಒಬ್ಬಳೇ ಬೆಳೆಸಿದ ಹೆಂಗಸು. ಮಾತು ಕಡಿಮೆ. ನನ್ನ ಜೊತೆಯಂತೂ, "ದೊಡ್ಡಾಕಿ, ನೀರ್ ಕಾದ್ವೇನು?", "ದೊಡ್ಡಾಕಿ, ದನಕ್ಕ ಹಾಕಿದೇನು?" ಇಷ್ಟೇ. ಆ ಮನೆಗೆ ಮೊದಲು ಬಂದವಳು ನಾನು. ಆಕೆ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಲಿ, ಏನಾದರೂ ಕೇಳಲಿ ಎಂಬ ಆಸೆ ಎಷ್ಟಿತ್ತು ಎಂದು ಗಂಡನಿಗೂ ಹೇಳಿದವಳಲ್ಲ. ಟಿವಿ ತರಿಸಿದ್ದೂ ಅದಕ್ಕೇ. ಅತ್ತೆಗೆ ಸಿನಿಮಾದ ಹಿಂದಿ ಬರುವುದಿಲ್ಲ, ಚಾಂದಪಾಷಾನ ಹತ್ತಿರ ಕನ್ನಡದ ಕ್ಯಾಸೆಟ್ ಇಲ್ಲ, ಹಿಂದಿ ಸಿನಿಮಾ ಹಾಕಿದರೆ ಬಿಡಿಸಿ ಹೇಳಲು ನಾನೇ ಪಕ್ಕಕ್ಕೆ ಕೂರಬೇಕಲ್ಲ ಅಂತ ನನ್ನ ಲೆಕ್ಕ.

ಅದೊಂದು ಅಮಾವಾಸ್ಯೆ. ಎತ್ತು ಹೂಡುವ ಹಾಗಿಲ್ಲ, ಹೊಲದ ಕೆಲಸ ಇಲ್ಲ. ಕಿಟಕಿಗೆ ಕೌದಿ ಕಟ್ಟಿ ಕತ್ತಲು ಮಾಡಿ, ಮಧ್ಯಾಹ್ನವೇ ಸಿನಿಮಾ ಹಚ್ಚಿದೆವು. ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ. ನಾನು ಎಲ್ಲರಿಗೂ ಚಹಾ ಸೋಸಿ ತರುವಷ್ಟರಲ್ಲಿ ಕಾಶಮ್ಮ ಅತ್ತೆಯ ಪಕ್ಕದಲ್ಲಿ ಮೊಣಕಾಲೆತ್ತಿ ಕೂತಾಗಿತ್ತು. ಆಕೆಯ ತೊಡೆಯ ಮೇಲೆ ಕೈಯಿಟ್ಟು, "ಈಗ ನೋಡ್ರಿ ಅತ್ತಿ, ಈತಗ ಆಕಿ ಮ್ಯಾಲ ಮನಸದ, ಬಾಯಿ ಬಿಚ್ಚಿ ಹೇಳಾಕ ಅಂಜಾಕತ್ಯಾನ" ಎಂದು ಪರದೆಯ ಮಾತನ್ನು ನಮ್ಮ ಮಾತಿಗೆ ತಿರುಗಿಸುತ್ತಿದ್ದಳು. ಜಾಗ ಹೋಯಿತು. ಆವತ್ತಿನಿಂದ ನಾನು ಬಾಗಿಲ ಹತ್ತಿರ, ಕೈಯಲ್ಲಿ ಚಹಾದ ಕೆಟಲಿ.

ಅವಳಿಗೆ ಬರುತ್ತಿದ್ದದ್ದು ಸಂತೆಯ ಉರ್ದು. ಸಿನಿಮಾದ ಹಿಂದಿ ಅರ್ಧಕ್ಕರ್ಧ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೆ ಅವಳಿಗೇನು ನಾಚಿಕೆಯೇ? ತಿಳಿಯದ ಕಡೆ ಸ್ವಂತದ್ದು ಸೇರಿಸುತ್ತಿದ್ದಳು. ಒಮ್ಮೆ ಕೋರ್ಟಿನ ದೃಶ್ಯ. ಕಟಕಟೆಯಲ್ಲಿ ಹುಡುಗಿ, ಎದುರಿಗೆ ಜಡ್ಜು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಾನೆ. ಕಾಶಮ್ಮ ಹೇಳಿದಳು, "ಈತ ಆಕಿ ಸೋದರಮಾವ್ರಿ ಅತ್ತಿ. ನೋಡ್ರಿ, ಕಣ್ಣಾಗ ನೀರ ಬಂದಾವ, ಮಂದಿಗಿ ಕಾಣಬಾರದಂತ ಕನ್ನಡಕ ಒರಸಾಕತ್ಯಾನ." ಅತ್ತೆ ಲೊಚಗುಟ್ಟಿದರು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಆತ ಸೋದರಮಾವ ಅಲ್ರಿ. ಜಡ್ಜ್ ಆತ."

ಅತ್ತೆ ತಿರುಗಿಯೂ ನೋಡದೆ ಹೇಳಿದರು, "ಯಾಕ, ಜಡ್ಜಗ ಅಕ್ಕತಂಗೇರು ಇರಂಗಿಲ್ಲೇನು?"

ಪಡಸಾಲೆಯೆಲ್ಲ ನಕ್ಕಿತು. ನಾನು ಕೆಟಲಿ ತಗೊಂಡು ಒಳಗೆ ಹೋದೆ.

ಬರಬರುತ್ತ ಅವಳ ಮಾತಿಗೆ ಬೆಲೆ ಬಂತು. ಮನೆಯಲ್ಲಿ ಶುಭಕಾರ್ಯವಿದ್ದರೆ, ನೆಂಟರು ಬಂದರೆ, ಯಾವ ಸಿನಿಮಾ ತರಬೇಕೆಂದು ಕೇಳಲು ಹೆಂಗಸರು ನಮ್ಮ ಮನೆಗೇ ಬರುತ್ತಿದ್ದರು. ಎದುರುಮನೆಯ ರತ್ನಮ್ಮನ ಬಸುರಿ ಸೊಸೆಗೆ ಕುಬಸ. ರತ್ನಮ್ಮ ಬಂದಾಗ ಕಾಶಮ್ಮ ಹಿತ್ತಲಲ್ಲಿದ್ದಳು, ನಾನು ರೊಟ್ಟಿ ಬಡಿಯುತ್ತಿದ್ದೆ. ಹೈದರಾಬಾದಿನಲ್ಲಿ ತಿಂಗಳುಗಟ್ಟಲೆ ಓಡಿದ ಒಂದು ಒಳ್ಳೆಯ ಸಿನಿಮಾದ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು.

"ನೀ ಇರು ಸುಶೀಲಕ್ಕ, ಕಾಶೀಗಿ ಕೇಳ್ತೀನಿ," ಅಂದಳು ರತ್ನಮ್ಮ.

ಕಾಶಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ವೈದ್ಯರ ಹಾಗೆ ವಿಚಾರಿಸಿದಳು. ಯಾರ್ಯಾರು ಬರುತ್ತಾರೆ, ಬೀಗರ ಕಡೆ ಯಾರಾದರೂ ಮುನಿಸಿಕೊಂಡಿದ್ದಾರೆಯೇ, ಮಾಡುವ ಅಡುಗೆ ಏನು. ಎಲ್ಲ ಕೇಳಿ ಹೇಳಿದಳು, "ಬಾವಿಗಿ ಬೀಳಾಕಿದು ತರಬ್ಯಾಡ, ಬಸುರಿ ಹೆಂಗಸು ಕುಂತಿರ್ತಾಳ. ಕುಂಟ ಮಾಸ್ತರಂದೂ ಬ್ಯಾಡ, ನಿಮ್ಮ ಬೀಗರು ಕಾಲ ಎಳದು ನಡೀತಾರ, ಮನಸಿಗಿ ಹಚ್ಕೋತಾರ. ಹೆಡ್ಡ ಡ್ರೈವರಂದು ತಾ. ಹೋಳಿಗಿ ಉಂಡ ಮಂದಿ, ನಗ್ತಾರ. ಎರಡನೇ ಹಾಡಿಗಿ ಎದ್ದು ಚಾ ಇಡು. ಆಮ್ಯಾಲ ಮಾತ್ರ ಏಳಬ್ಯಾಡ, ಹಳಹಳಿಸ್ತಿ."

ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಬೇಕಿರಲಿಲ್ಲ. ಯಾವ ಮನೆಗೆ ಯಾವುದು ಅನ್ನುವುದಷ್ಟೇ. ಕುಬಸದ ದಿನ ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರೆಂದು ರತ್ನಮ್ಮ ಒಂದು ಬಟ್ಟಲು ಹೂರಣ ತಂದು ಕಾಶಮ್ಮನ ಕೈಗೇ ಕೊಟ್ಟಳು. ಅದರಲ್ಲಿ ನನಗೂ ಪಾಲು ಬಂತು. ಅದನ್ನು ಗಂಡನ ತಾಟಿಗೆ ಹಾಕಿದೆ.

ಕರೆಂಟ್ ಹೋದ ದಿನವನ್ನಂತೂ ಓಣಿ ಬಹಳ ಕಾಲ ನೆನೆಯುತ್ತಿತ್ತು. ಅತ್ತೆ ಸೊಸೆಯ ಸಿನಿಮಾ. ಮನೆಯಿಂದ ಹೊರಹಾಕಿಸಿಕೊಂಡ ಸೊಸೆ ಕೈಚೀಲ ಹಿಡಿದು ರೈಲು ಸ್ಟೇಷನ್ನಿನಲ್ಲಿ ನಿಂತಿದ್ದಾಳೆ, ದೂರದಲ್ಲಿ ಗಾಡಿಯ ಹೊಗೆ ಕಾಣುತ್ತಿದೆ, ಆಗಲೇ ಟಿವಿ ಕಣ್ಣು ಮುಚ್ಚಿತು. ಗಂಡಸರು ಬೀಡಿಗೆಂದು ಎದ್ದರು. ಕಾಶಮ್ಮನ ಬಾಯಿ ನಿಲ್ಲಲಿಲ್ಲ. "ಗಾಡಿ ಬಂತ್ರಿ ಅತ್ತಿ. ಆಕಿ ಒಂದು ಕಾಲ ಮ್ಯಾಲಿಟ್ಟಾಳ. ಅಷ್ಟರಾಗ ಹಿಂದಿನಿಂದ ಯಾರೋ ಸೆರಗ ಹಿಡದ್ರು. ನೋಡ್ತಾಳ, ಆಕಿ ಅತ್ತಿ. ಬರಿಗಾಲಾಗ ಓಡಿ ಬಂದಾಳ ಮುದುಕಿ. 'ನೀ ಹೋದ್ರ ನನಗ ಯಾರ್ ಬೈತಾರ, ನಾ ಯಾರಿಗಿ ಬೈಲಿ, ನಡಿ ಮನೀಗಿ' ಅಂತಾಳ." ಎದ್ದಿದ್ದ ಗಂಡಸರು ಬಾಗಿಲಲ್ಲೇ ನಿಂತರು. ಹೆಂಗಸರು ಮೂಗು ಸೀಟಿಕೊಂಡರು. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ನಾನು ಆವತ್ತೇ ಮೊದಲು.

ಕರೆಂಟ್ ಬಂತು. ಪರದೆಯ ಮೇಲೆ ಸೊಸೆ ಗಾಡಿ ಹತ್ತಿ ಹೋಗಿಬಿಟ್ಟಳು. ತಡವಾಗಿ ಬಂದ ಮುದುಕಿ ಖಾಲಿ ಸ್ಟೇಷನ್ನಿನಲ್ಲಿ ಕೂತು ಅಳುತ್ತಿತ್ತು. ಕಾಶಮ್ಮ ಈಗ ಸಿಕ್ಕಿಬಿದ್ದಳು ಎಂದು ನನಗೆ ಒಳಗೊಳಗೇ ಖುಷಿ.

"ಬಂದ್ ಮಾಡ್ರಿ ಅದನ್ನ," ಅಂದರು ಅತ್ತೆ. "ಆ ಡಬ್ಬಿಗೇನ್ ತಿಳೀತದ."

ನನ್ನ ಸರದಿ ಒಮ್ಮೆ ಬಂತು. ಕಾಶಮ್ಮ ಬಾಣಂತನಕ್ಕೆ ಮನೂರಿಗೆ ಹೋಗಿದ್ದಳು. ನಾನೇ ಅಂಗಡಿಗೆ ಹೋಗಿ, ಹೆಸರು ಹೇಳಿ, ನಾಲ್ಕು ಜನ ಓದಿದವರು ಮೆಚ್ಚಿದ ಸಿನಿಮಾ ಆರಿಸಿ ತಂದೆ. ಅತ್ತೆಯ ಪಕ್ಕದಲ್ಲಿ ಕೂತೆ. ಆಕೆಯ ಸೀರೆಗೆ ಹೊಗೆಸೊಪ್ಪಿನ ವಾಸನೆ ಇತ್ತು. ಅಷ್ಟು ವರ್ಷದಲ್ಲಿ ನನಗೆ ಅದೇ ಗೊತ್ತಿರಲಿಲ್ಲ. ಒಂದು ಮಾತೂ ತಪ್ಪದ ಹಾಗೆ, ಪರದೆಯ ಮೇಲಿನವರು ಹಿಂದಿಯಲ್ಲಿ ಅಂದದ್ದನ್ನು ಅಂದ ಹಾಗೆಯೇ ಕನ್ನಡದಲ್ಲಿ ಹೇಳುತ್ತ ಹೋದೆ. ಅರ್ಧ ಸಿನಿಮಾಕ್ಕೆ ಅತ್ತೆ ತೂಕಡಿಸುತ್ತಿದ್ದರು.

"ಅತ್ತಿ, ತಿಳೀವಲ್ದೇನ್ರಿ? ನಾ ಸರಿಯಾಗೇ ಹೇಳಾಕತ್ತೀನಲ್ರಿ."

"ಸರಿಯಾಗೇ ಹೇಳಾಕತ್ತಿ ಬಿಡವ್ವ. ಅವ್ರು ಏನಂದ್ರು ಅದನ್ನ ಹೇಳ್ತಿ. ಅದು ನನಗೂ ಕೇಳಸ್ತದ."

ಎರಡು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ಸಂತೆ ನೆನಪಾಯಿತು. ಈ ಹೆಂಗಸು ಜಹೀರಾಬಾದಿನ ಸಂತೆಯಲ್ಲಿ ಬಳೆಗಾರನ ಜೊತೆ ಉರ್ದುವಿನಲ್ಲಿ ಚೌಕಾಸಿ ಮಾಡಿದ್ದನ್ನು, ದಲಾಲಿಗಳಿಗೆ ಉರ್ದುವಿನಲ್ಲೇ ಉಗಿದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಸಂತೆಯಲ್ಲಿ ಆಡಿದ್ದು ಉರ್ದು, ಸಿನಿಮಾದಲ್ಲಿ ಬಂದದ್ದು ಹಿಂದಿ ಎಂದು ನನ್ನ ಓದಿದ ತಲೆ ಎರಡನ್ನೂ ಬೇರೆ ಬೇರೆ ಗೂಟಕ್ಕೆ ಕಟ್ಟಿಹಾಕಿತ್ತು. ಅತ್ತೆಗೆ ಎಲ್ಲ ತಿಳಿಯುತ್ತಿತ್ತು. ಜಡ್ಜು ಜಡ್ಜು ಅನ್ನುವುದೂ. ತಿಳಿದೂ ತಿಳಿದೂ ಆಕೆಗೆ ಕಾಶಮ್ಮನ ಸೋದರಮಾವನೇ ಬೇಕಾಗಿದ್ದ.

ಗೊತ್ತಿಲ್ಲದೆ ಅವಳನ್ನು ಹಚ್ಚಿಕೊಂಡಿದ್ದಾರೆ ಅಂದುಕೊಂಡಿದ್ದಾಗ ನನ್ನ ಹೊಟ್ಟೆಕಿಚ್ಚಿಗೆ ಒಂದು ಸಮಾಧಾನವಿತ್ತು. ಗೊತ್ತಿದ್ದೇ ಹಚ್ಚಿಕೊಂಡದ್ದು ಅಂದಮೇಲೆ ಅದೂ ಹೋಯಿತು. ಈ ಮಾತನ್ನು ನಾನು ಕಾಶಮ್ಮನಿಗೆ ಹೇಳಲಿಲ್ಲ. ಯಾವತ್ತಾದರೂ ಅವಳ ಸೊಕ್ಕು ಇಳಿಸಲು ಇರಲಿ ಎಂದು ಇಟ್ಟುಕೊಂಡೆ.

ಅತ್ತೆ ತೀರಿಕೊಂಡ ಮೇಲೆ ಮನೆ ಎರಡಾಯಿತು. ಮೈದುನನಿಗೆ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಅವರು ತಾಂಡೂರಿಗೆ ಹೋದರು. ನನ್ನ ತವರೂ ಅವಳದಾಯಿತು ನೋಡಿ. ಓಣಿಯವರು ಇನ್ನು ನನ್ನನ್ನು ಕೇಳುತ್ತಾರೆ ಅಂದುಕೊಂಡೆ. ಕೇಳಿದರು. ಒಳ್ಳೊಳ್ಳೆಯ ಸಿನಿಮಾ ಹೇಳಿದೆ. ಎರಡನೆಯ ಸಲ ಯಾರೂ ಬರಲಿಲ್ಲ.

ಅವಳಿಗೆ ಮೈ ಸರಿಯಿಲ್ಲ ಎಂದು ಸುದ್ದಿ ಬಂದು ನಾನು ಹೋದಾಗ ಹೊರಸಿನ ಮೇಲೆ ಮಲಗಿದ್ದಳು. ತಲೆಬೇನೆ. ಬೆಳಕು ಬಿದ್ದರೆ ಸಿಡಿದು ಹೋಗುತ್ತದೆ ಎಂದು ಕಣ್ಣಿನ ಮೇಲೆ ಒದ್ದೆ ಬಟ್ಟೆ. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೈ ತಡವಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ಬಂದೇನು. ವಿಡಿಯೊ ತರಸಾಣು. ಯಾವುದು ಅಂತ ನೀ ಹೇಳು."

ಆ ಮಾತನ್ನು ಯಾರಾದರೂ ಕೇಳಲಿ ಎಂದು ಎಷ್ಟು ವರ್ಷ ಕಾದಿದ್ದೆ. ಕೇಳಿದವಳು ಇವಳು. "ರೈಲ್ ಟೇಸನ್ದು ತರಸ್ತೀನಿ," ಅಂದೆ. ಅವಳ ಭಾಷೆಯಲ್ಲೇ ಹೇಳಿದ್ದಕ್ಕೆ ಹಲ್ಲಿನ ಸಂದು ತೋರಿಸಿ ನಕ್ಕಳು.

ಕ್ಯಾಸೆಟ್ ಬರುವ ತನಕ ಸುಮ್ಮನೆ ಕೂತಿದ್ದೆ. ಕೂತಿದ್ದವಳಿಗೆ ಏನು ಕೆಟ್ಟ ಬುದ್ಧಿ ಬಂತೋ, ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. "ಕಾಶೀ, ಅತ್ತಿಗಿ ಹಿಂದಿ ಬರ್ತಿತ್ತು, ಗೊತ್ತದೇನು ನಿನಗ? ನೀ ಹೇಳೂದೆಲ್ಲ ಸುಳ್ಳಂತ ಆಕಿಗಿ ತಿಳೀತಿತ್ತು."

"ಗೊತ್ತಿತ್ತಕ್ಕ," ಅಂದಳು ತಣ್ಣಗೆ. "ಮೊದಲನೇ ದಿನಾನ ಗೊತ್ತಾತು. ಪರದೆ ಮ್ಯಾಲ ಒಬ್ಬ ಚಾಷ್ಟಿ ಮಾಡ್ದ, ನಾ ಬಿಡಿಸಿ ಹೇಳೂಕಿಂತ ಮೊದಲ ಅತ್ತಿ ನಕ್ಕಳು. ಆಮ್ಯಾಲ ನನ್ನ ತೊಡಿ ಚಿವುಟಿ, 'ನೀ ಹೇಳು, ನಿಲ್ಲಸಬ್ಯಾಡ' ಅಂದ್ಲು."

ಅಂದರೆ ಇಬ್ಬರಿಗೂ ಗೊತ್ತಿತ್ತು. ಅಷ್ಟು ವರ್ಷ ಓಣಿಯವರ ನಡುವೆ ಕೂತು ಇಬ್ಬರೂ ಆಟ ಆಡಿದ್ದರು. ಹೊರಗೆ ಉಳಿದವಳು ಕೆಟಲಿ ಹಿಡಿದ ನಾನೊಬ್ಬಳೇ. ಸಾಯುವ ಹಾಗೆ ಮಲಗಿದವಳ ಮೇಲೂ ಹೊಟ್ಟೆ ಉರಿಯಬಲ್ಲದು ಎಂದು ನನಗೆ ಆವತ್ತು ತಿಳಿಯಿತು.

ಸಿನಿಮಾ ಹಚ್ಚಿದರು. ಅವಳ ಹೊರಸಿನ ಪಕ್ಕ ಕೂತು ಹೇಳುತ್ತ ಬಂದೆ. ಸ್ಟೇಷನ್ ಬಂತು. ಗಾಡಿ ಬಂತು. ಪರದೆಯ ಮೇಲೆ ಸೊಸೆ ಹತ್ತಿದಳು. ನಾನು ಅಂದೆ, "ಆಕಿ ಹತ್ತಲಿಲ್ಲ ಕಾಶೀ. ಇಳದ್ಲು."

"ಗಾಡಿ ಹೋದ ಸಪ್ಪಳ ಬಂತಲ್ಲಕ್ಕ?"

"ಆಕಿನ್ನ ಬಿಟ್ಟು ಹೋತು."

"ಮತ್ತ ಮುದುಕಿ ಅಳಾಕತ್ಯಾಳ?"

"ಖುಷೀಗಿ ಅಳಾಕತ್ಯಾಳ. ಸೊಸಿ ಸಿಕ್ಕಳಲ್ಲ."

ಕಾಶಮ್ಮನಿಗೆ ನಗು ಬಂತು. ನಗು ಹೆಚ್ಚಾಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನನ್ನ ತೊಡೆ ತಡವಿ, ಚಿವುಟಿದಳು. "ಹೇಳು," ಅಂದಳು. "ನಿಲ್ಲಸಬ್ಯಾಡ."

ಆ ವರ್ಷ ಕಬ್ಬು ಕಡಿಯುವ ಮೊದಲೇ ಹೋದಳು.

ಈಗ ನಮ್ಮ ಗೋಡೆಯ ಮೇಲೆ ದೊಡ್ಡ ಟಿವಿ ಇದೆ. ಬೆರಳು ಒತ್ತಿದರೆ ಬೇಕಾದ ಸಿನಿಮಾ, ಕರೆಂಟ್ ಹೋಗುವುದೂ ಕಡಿಮೆ. ಮೊಮ್ಮಗಳು "ಅಜ್ಜೀ, ಯಾವುದು ಹಾಕ್ಲಿ?" ಎಂದು ದಿನಾ ನನ್ನನ್ನೇ ಕೇಳುತ್ತಾಳೆ. ಯಾವುದಾದರೂ ಹಾಕು ಅನ್ನುತ್ತೇನೆ. ಎಲ್ಲ ಸಿನಿಮಾದಲ್ಲೂ ಅವರು ಏನಂದರೋ ಅಷ್ಟೇ, ಅದು ನನಗೂ ಕೇಳಿಸುತ್ತದೆ. ಆ ಮನೆಗೆ ಮೊದಲು ಬಂದವಳು ನಾನು, ಅತ್ತೆಯ ಹಿಂದೆ ಮೊದಲು ಹೋದವಳು ಕಾಶಮ್ಮ. ಅಲ್ಲೂ ಆಕೆಯ ಪಕ್ಕದಲ್ಲಿ ಮೊಣಕಾಲೆತ್ತಿ ಕೂತು, ಇಲ್ಲದ್ದನ್ನೆಲ್ಲ ಹೇಳುತ್ತಿರುತ್ತಾಳೆ. ಈ ಸಲ ನಾನು ಬಾಗಿಲಲ್ಲಿ ನಿಲ್ಲುವವಳಲ್ಲ. ಹೋದವಳೇ ಹೇಳುತ್ತೇನೆ: "ಸರಕೋ ಕಾಶೀ, ನನಗೂ ಅಷ್ಟು ಜಾಗ ಮಾಡು."